ಜೆಲ್ ಓಡುತ್ತಿಲ್ಲವೇ? ಮೊದಲು ಗುಳ್ಳೆ ನೋಡಿ

ಕರೆಂಟ್ ಹಾಯಿಸಿ ಡಿಎನ್‌ಎ ತುಣುಕುಗಳನ್ನು ಉದ್ದದ ಪ್ರಕಾರ ಬೇರೆ ಮಾಡುವ ಅಗರೋಸ್ ಜೆಲ್ ಕೈಕೊಟ್ಟಾಗ ನಮ್ಮಲ್ಲಿ ಹೆಚ್ಚಿನವರು ಮೊದಲು ದೂರುವುದು ಡಿಎನ್‌ಎಯನ್ನು. ‘ಎಕ್ಸ್‌ಟ್ರಾಕ್ಷನ್ ಸರಿಯಾಗಿಲ್ಲ ಮೇಡಂ, ಇನ್ನೊಂದ್ಸಲ ಮಾಡ್ತೀವಿ’ ಎಂದು ಮಕ್ಕಳು ಮತ್ತೆ ಎಲೆ ಅರೆಯಲು ಕೂರುತ್ತಾರೆ. ನಾನೂ ಬಹಳ ವರ್ಷ ಹಾಗೇ ಕೂರಿಸುತ್ತಿದ್ದೆ.

ಒಂದು ಸಲ ಪ್ರಾಕ್ಟಿಕಲ್ ಪರೀಕ್ಷೆಗೆ ಮೂರು ದಿನ ಇದ್ದಾಗ ನಮ್ಮ ಬ್ಯಾಂಡುಗಳೆಲ್ಲ, ಅಂದರೆ ಜೆಲ್ಲಿನಲ್ಲಿ ಡಿಎನ್‌ಎ ಓಡಿ ನಿಂತ ಗೆರೆಗಳು, ಓರೆಯಾಗಿ ಬರತೊಡಗಿದವು. ಎಡಗಡೆಯ ಸಾಲುಗಳು ಮುಂದೆ, ಬಲಗಡೆಯವು ಹಿಂದೆ, ಮಳೆಗೆ ಒಂದು ಕಡೆ ಕುಸಿದ ಬೇಲಿಯ ಹಾಗೆ. ಮಾವಿನ ಎಲೆಯಿಂದ ಎರಡು ಸಲ ಡಿಎನ್‌ಎ ತೆಗೆದೆವು. ಟ್ಯಾಂಕಿಗೆ ತುಂಬುವ ದ್ರಾವಣ, ಬಫರ್, ಹೊಸದಾಗಿ ಮಾಡಿದೆವು. ಹೋಲಿಕೆಗೆ ಪಕ್ಕದಲ್ಲಿ ಓಡಿಸುವ, ಉದ್ದ ಗೊತ್ತಿರುವ ಡಿಎನ್‌ಎಯ, ಅಂದರೆ ಲ್ಯಾಡರಿನ, ಹೊಸ ಸೀಸೆ ಒಡೆದೆವು. ಮೂರನೆಯ ದಿನ ಗ್ಲಾಸ್‌ವೇರ್ ತೊಳೆಯುತ್ತಿದ್ದ ನಮ್ಮ ಅಟೆಂಡರ್ ಅಣ್ಣ ಟ್ಯಾಂಕಿನ ಪಕ್ಕ ಬಗ್ಗಿ ನೋಡಿ, ‘ಮೇಡಮ್ಮೋರೆ, ಈ ಕಡೆ ನೊರೆ ಅರ್ಧಕ್ಕೇ ನಿಂತೈತಲ್ಲ’ ಅಂದರು. ಕೆಂಪು ಕಡೆಯ ಪ್ಲಾಟಿನಂ ತಂತಿಯಿಂದ ಗುಳ್ಳೆ ಏಳುತ್ತಿತ್ತು ನಿಜ, ಆದರೆ ಎಡಗಡೆಯ ಅರ್ಧದಿಂದ ಮಾತ್ರ. ಯಾರೋ ಟ್ಯಾಂಕನ್ನು ಬ್ರಷ್ ಹಾಕಿ ಉಜ್ಜಿದ್ದರು. ಕೂದಲಿನಷ್ಟು ತೆಳ್ಳಗಿನ ತಂತಿ ಮಧ್ಯದಲ್ಲಿ ತುಂಡಾಗಿತ್ತು. ಬಲಗಡೆಯ ಸಾಲುಗಳಿಗೆ ಸರಿಯಾಗಿ ಕರೆಂಟೇ ಸಿಗುತ್ತಿರಲಿಲ್ಲ.

ಅಂದಿನಿಂದ ನನ್ನ ಕ್ರಮ ತಲೆಕೆಳಗು. ಮೊದಲು ನೀರು, ಆಮೇಲೆ ಮೀಟರ್, ಆಮೇಲೆ ಜೆಲ್. ಡಿಎನ್‌ಎ ಕೊನೆಗೆ.

ಗುಳ್ಳೆ ಏನು ಹೇಳುತ್ತದೆ

ಜೆಲ್ ಟ್ಯಾಂಕ್ ಎಂದರೆ ಮೂಲತಃ ನೀರನ್ನು ಒಡೆಯುವ ಯಂತ್ರ. ಅದರ ನಡುವೆ ನಾವು ಒಂದು ತುಂಡು ಜೆಲ್ಲಿ ಇಟ್ಟಿರುತ್ತೇವೆ ಅಷ್ಟೆ. ವೋಲ್ಟಾ ತನ್ನ ಪೈಲ್, ಅಂದರೆ ಆ ಕಾಲದ ಬ್ಯಾಟರಿ, ಬಗ್ಗೆ ಜಗತ್ತಿಗೆ ತಿಳಿಸಿದ ವರ್ಷವೇ, 1800ರಲ್ಲಿ, ಇಂಗ್ಲೆಂಡಿನ ನಿಕಲ್ಸನ್ ಮತ್ತು ಕಾರ್ಲೈಲ್ ಅದರ ತಂತಿಗಳನ್ನು ನೀರಿಗೆ ಇಳಿಸಿ ಗುಳ್ಳೆ ಎಬ್ಬಿಸಿದ್ದರು. ಇವತ್ತು ನಮ್ಮ ಟ್ಯಾಂಕಿನಲ್ಲಿ ಏಳುವುದೂ ಅದೇ ಗುಳ್ಳೆ. ಕಪ್ಪು (ಋಣ) ತಂತಿಯಲ್ಲಿ ಹೈಡ್ರೋಜನ್, ಕೆಂಪು (ಧನ) ತಂತಿಯಲ್ಲಿ ಆಮ್ಲಜನಕ. ನೀರಿನಲ್ಲಿ ಅವೆರಡರ ಲೆಕ್ಕ ಎರಡಕ್ಕೆ ಒಂದು. ಹಾಗಾಗಿ ಕಪ್ಪು ಕಡೆ ನೊರೆ ಯಾವಾಗಲೂ ಹೆಚ್ಚು.

ಸ್ಯಾಂಪಲ್ ಹಾಕಿ, ಮುಚ್ಚಳ ಮುಚ್ಚಿ, ಸ್ವಿಚ್ ಒತ್ತಿದ ಮೇಲೆ ಅರ್ಧ ನಿಮಿಷ ಅಲ್ಲೇ ನಿಂತು ನೋಡಿ. ಟ್ಯಾಂಕಿನ ಹಿಂದೆ ಕಪ್ಪು ಕಾಗದ ಹಿಡಿದರೆ ಗುಳ್ಳೆ ಚೆನ್ನಾಗಿ ಕಾಣುತ್ತದೆ.

ಎರಡೂ ಕಡೆ ಗುಳ್ಳೆ ಇಲ್ಲ ಎಂದರೆ ಸರ್ಕ್ಯೂಟ್ ಎಲ್ಲೋ ಕಡಿದಿದೆ. ಮುಚ್ಚಳ ಪೂರ್ತಿ ಕೂತಿಲ್ಲದಿರಬಹುದು. ತೀರಾ ಸಾಮಾನ್ಯ ಕಾರಣ ಇದೇ. ಪ್ಲಗ್ಗಿನ ಹಿತ್ತಾಳೆಗೆ ಹಸಿರು ಕಿಲುಬು ಹಿಡಿದಿರಬಹುದು. ಕೇಬಲ್ಲಿನ ಒಳಗಿನ ತಂತಿ ಬಾಗುವ ಜಾಗದಲ್ಲಿ ಕಡಿದಿದ್ದು ಮೇಲಿನ ರಬ್ಬರ್ ಮಾತ್ರ ಗಟ್ಟಿ ಇರಬಹುದು. ಪವರ್ ಪ್ಯಾಕ್ ಆಫ್ ಮಾಡಿ, ಕೇಬಲ್ ಎರಡನ್ನೂ ಅದರಿಂದ ಕಿತ್ತು, ಮಲ್ಟಿಮೀಟರಿನ ಬೀಪ್ ಸೆಟ್ಟಿಂಗಿನಲ್ಲಿ ಕೇಬಲ್ಲಿನ ಒಂದು ತುದಿಯಿಂದ ಪ್ಲಾಟಿನಂ ತಂತಿಯ ದೂರದ ತುದಿಯವರೆಗೆ ಪರೀಕ್ಷಿಸಿ. ಬೀಪ್ ಬಂದರೆ ಆ ಕಡೆ ಸರಿ. ಪರೀಕ್ಷಿಸುವಾಗ ಕೇಬಲ್ಲನ್ನು ಅಲ್ಲಾಡಿಸಿ. ಒಳಗೆ ಮುರಿದ ಕೇಬಲ್ ಸುಮ್ಮನಿದ್ದಾಗ ಸರಿಯಿದ್ದಂತೆ ನಟಿಸುತ್ತದೆ.

ಗುಳ್ಳೆ ಅರ್ಧ ತಂತಿಗೆ ಮಾತ್ರ ಇದ್ದರೆ ಮೇಲೆ ಹೇಳಿದ ಕಥೆ. ಪ್ಲಾಟಿನಂ ತಂತಿ ದುಬಾರಿ ಎಂದು ಅದರ ಜಾಗಕ್ಕೆ ತಾಮ್ರದ ತಂತಿ ಕಟ್ಟುವವರಿದ್ದಾರೆ. ಕಪ್ಪು ಕಡೆಗಾದರೆ ಹೇಗೋ ನಡೆದೀತು. ಕೆಂಪು ಕಡೆಗೆ ಬೇಡ. ಅಲ್ಲಿ ಆಮ್ಲಜನಕ ಹೊರಡುವ ಬದಲು ತಾಮ್ರವೇ ಕರಗಿ ನೀರಿಗೆ ಇಳಿಯುತ್ತದೆ, ಬಫರ್ ನೀಲಿಗೆ ತಿರುಗುತ್ತದೆ, ಕೊನೆಗೊಂದು ದಿನ ತಂತಿಯೇ ಇರುವುದಿಲ್ಲ. ಸ್ಟೀಲ್ ಹಾಕಿದರೆ ಕಂದು ತುಕ್ಕು ಉದುರುತ್ತದೆ. ಅರ್ಜೆಂಟಿಗೆ ಪೆನ್ಸಿಲ್ ಸೀಸದ ಕಡ್ಡಿ ವಾಸಿ, ಪುಡಿ ಉದುರಿದರೂ ಒಂದೆರಡು ಜೆಲ್ ಓಡಿಸಿಕೊಡುತ್ತದೆ.

ಇನ್ನು ಸ್ಯಾಂಪಲ್ ಹಾಕಿದ ಗುಂಡಿಗಳಿಂದ ದೂರದ ತುದಿಯಲ್ಲೇ ಗುಳ್ಳೆ ಹೆಚ್ಚಿದ್ದು, ಸ್ಯಾಂಪಲ್ಲಿಗೆ ಬೆರೆಸಿದ ನೀಲಿ ಬಣ್ಣ, ಡೈ, ಹಿಂದಕ್ಕೆ ಹೋಗುತ್ತಿದ್ದರೆ? ಧ್ರುವ ಅದಲುಬದಲಾಗಿದೆ. ಡಿಎನ್‌ಎಯ ಬೆನ್ನೆಲುಬಿನ ಫಾಸ್ಫೇಟ್‌ಗಳಿಗೆ ಋಣ ಆವೇಶ ಇರುವುದರಿಂದ ಅದು ಓಡಬೇಕಾದ್ದು ಕೆಂಪಿನ ಕಡೆಗೆ, ಅಂದರೆ ನೊರೆ ಕಡಿಮೆ ಇರುವ ಕಡೆಗೆ. ರಿಪೇರಿಗೆ ಹೋಗಿಬಂದ ಕೆಲವು ಟ್ಯಾಂಕುಗಳಲ್ಲಿ ಕೇಬಲ್ಲಿನ ಬಣ್ಣವೇ ತಪ್ಪಿರುತ್ತದೆ. ಬಣ್ಣವನ್ನು ನಂಬಬೇಡಿ, ನೊರೆಯನ್ನು ನಂಬಿ. ಐದು ನಿಮಿಷದೊಳಗೆ ಗಮನಿಸಿದರೆ ಆಫ್ ಮಾಡಿ ಪ್ಲಗ್ ತಿರುಗಿಸಿ ಹಾಕಿ. ಹಿಂದಕ್ಕೆ ಹೋಗಿದ್ದ ಡಿಎನ್‌ಎ ಗುಂಡಿ ದಾಟಿ ಮುಂದೆ ಬರುತ್ತದೆ, ಬ್ಯಾಂಡ್ ಸ್ವಲ್ಪ ಮಸುಕಾದರೂ ಸಿಗುತ್ತದೆ. ಊಟಕ್ಕೆ ಹೋಗಿ ಬಂದು ಗಮನಿಸಿದರೆ ಅದು ಆಗಲೇ ಬಫರಿನ ಪಾಲು.

ಮೀಟರಿನ ಎರಡು ಅಂಕಿ

ಪವರ್ ಪ್ಯಾಕಿನಲ್ಲಿ ವೋಲ್ಟ್ ಎಷ್ಟಿದೆ ಎಂದು ಎಲ್ಲರೂ ನೋಡುತ್ತಾರೆ. ಮಿಲಿಆಂಪಿಯರ್ ಎಷ್ಟು ಎಂದು ಯಾರೂ ನೋಡುವುದಿಲ್ಲ. ರೋಗ ಗೊತ್ತಾಗುವುದು ಎರಡನೆಯದರಲ್ಲಿ.

ನಮ್ಮ ಪುಟ್ಟ ಟ್ಯಾಂಕಿನಲ್ಲಿ 1 ಎಕ್ಸ್ (ಅಂದರೆ ಬಳಕೆಯ ಹದದ) ಟಿಎಇ ಬಫರ್ ಹಾಕಿ 75 ವೋಲ್ಟ್ ಕೊಟ್ಟರೆ ಸುಮಾರು 40-50 ಮಿಲಿಆಂಪಿಯರ್ ತೋರಿಸುತ್ತದೆ. ನಿಮ್ಮ ಟ್ಯಾಂಕಿನ ಅಳತೆ ಬೇರೆ ಇದ್ದರೆ ಈ ಅಂಕಿಯೂ ಬೇರೆ. ಎಲ್ಲ ಸರಿಯಿದ್ದ ಒಂದು ದಿನ ನೋಡಿಕೊಂಡು ಟ್ಯಾಂಕಿನ ಮೇಲೇ ಮಾರ್ಕರ್‌ನಲ್ಲಿ ಬರೆದಿಡಿ. ಜ್ವರ ಬಂದಾಗ ಹೋಲಿಸಿ ನೋಡಲು ಒಂದು ಅಂಕಿ ಬೇಕಲ್ಲ.

ವೋಲ್ಟ್ ಇದೆ, ಮಿಲಿಆಂಪಿಯರ್ ಸೊನ್ನೆಯ ಆಸುಪಾಸು: ಟ್ಯಾಂಕಿಗೆ ಬಫರ್ ಬದಲು ಡಿಸ್ಟಿಲ್ಡ್ ವಾಟರ್ ಹೋಗಿದೆ, ಅಥವಾ ತಂತಿ ಕಡಿದಿದೆ. ಅಪ್ಪಟ ನೀರಿನಲ್ಲಿ ವಿದ್ಯುತ್ ಹೊರುವ ಅಯಾನುಗಳೇ ಇಲ್ಲದಷ್ಟು ಕಡಿಮೆ. ನೀರಿನಲ್ಲಿ ಕರೆಂಟ್ ಸಲೀಸಾಗಿ ಹರಿಯುತ್ತದೆ ಎಂದು ಮನೆಯಲ್ಲಿ ಹೆದರಿಸುತ್ತೇವೆ. ಅದು ನಲ್ಲಿ ನೀರಿನ ವಿಷಯ. ಕೆಲವು ಪವರ್ ಪ್ಯಾಕುಗಳು ಇಂಥ ಹೊತ್ತಲ್ಲಿ ಲೋಡ್ ಇಲ್ಲ ಎಂದು ಕೂಗಿ ತಾವೇ ನಿಂತುಬಿಡುತ್ತವೆ. ಪವರ್ ಪ್ಯಾಕ್ ಕೆಟ್ಟಿದೆ ಎಂದುಕೊಂಡು ರಿಪೇರಿಗೆ ಕಳಿಸಬೇಡಿ.

ಮಿಲಿಆಂಪಿಯರ್ ಎಂದಿಗಿಂತ ಐದು ಪಟ್ಟು: ಬಫರ್ ಗಟ್ಟಿಯಾಗಿದೆ. ಇದಕ್ಕೆ ನಮ್ಮ ಲ್ಯಾಬಿನ ಒಂದು ಕಪಾಟೇ ಸಾಕ್ಷಿ. ಅದರಲ್ಲಿ ಎರಡು ಒಂದೇ ಥರದ ಬಾಟಲಿಗಳು, ಒಂದು 50 ಎಕ್ಸ್ ಟಿಎಇ, ಅಂದರೆ ಬಳಕೆಯ ಹದದ 50 ಪಟ್ಟು ಗಟ್ಟಿ, ಇನ್ನೊಂದು 10 ಎಕ್ಸ್ ಟಿಬಿಇ ಎಂಬ ಬೇರೆ ಬಫರ್. ಟಿಎಇಯನ್ನು 20 ಮಿಲಿಲೀಟರ್ ತೆಗೆದುಕೊಂಡು ಲೀಟರಿಗೆ ತುಂಬಿಸಬೇಕು. ಟಿಬಿಇ ಆದರೆ 100 ಮಿಲಿಲೀಟರ್. ಹುಡುಗನೊಬ್ಬ ಟಿಎಇಯನ್ನು 100 ಹಾಕಿದ. ಆಗಿದ್ದು 5 ಎಕ್ಸ್. ಇಪ್ಪತ್ತು ನಿಮಿಷಕ್ಕೆ ಮುಚ್ಚಳದ ಒಳಗೆಲ್ಲ ಬೆವರು, ಜೆಲ್ ಮುಟ್ಟಿದರೆ ಬಿಸಿ, ಗುಂಡಿಗಳ ಅಂಚು ಕರಗಿ ಒಂದಕ್ಕೊಂದು ಕೂಡಿಕೊಂಡಿದ್ದವು. ತದ್ವಿರುದ್ಧವಾಗಿ ಟಿಬಿಇಯನ್ನು 20 ಮಾತ್ರ ಹಾಕಿದರೆ 0.2 ಎಕ್ಸ್, ಡೈ ಬಸವನ ಹುಳುವಿನ ಹಾಗೆ ತೆವಳುತ್ತದೆ. ಈಗ ಒಂದು ಬಾಟಲಿಗೆ ಕೆಂಪು ರಬ್ಬರ್ ಬ್ಯಾಂಡ್ ಹಾಕಿಟ್ಟಿದ್ದೇವೆ.

ಅಂದ ಹಾಗೆ ವೋಲ್ಟ್ ಎಷ್ಟಿಡಬೇಕು ಎಂಬ ಲೆಕ್ಕದಲ್ಲೂ ಒಂದು ಎಡವಟ್ಟು ಆಗುತ್ತದೆ. ಸೆಂಟಿಮೀಟರಿಗೆ 5 ವೋಲ್ಟ್ ಎಂದಾಗ ಆ ಸೆಂಟಿಮೀಟರ್ ಜೆಲ್ಲಿನ ಉದ್ದವಲ್ಲ, ಎರಡು ಪ್ಲಾಟಿನಂ ತಂತಿಗಳ ನಡುವಿನ ದೂರ. ಸ್ಕೇಲ್ ಇಟ್ಟು ಅಳೆಯಿರಿ. 15 ಸೆಂಟಿಮೀಟರ್ ಇದ್ದರೆ 75 ವೋಲ್ಟ್.

ಗುಳ್ಳೆ ಸರಿ, ಮೀಟರ್ ಸರಿ, ಡೈ ಮಾತ್ರ ನಿಂತಲ್ಲೇ

ಜೆಲ್ ಟ್ರೇಯ ಎರಡು ತುದಿಗೆ ಅಂಟಿಸಿದ ಟೇಪ್ ತೆಗೆದಿರಾ? ನಗಬೇಡಿ. ವರ್ಷಕ್ಕೆ ಎರಡು ಸಲವಾದರೂ ಆಗುತ್ತದೆ. ಟೇಪ್ ಇದ್ದರೆ ಕರೆಂಟ್ ಜೆಲ್ಲನ್ನು ಬಿಟ್ಟು ಮೇಲಿನ ಬಫರಿನಲ್ಲೇ ಹರಿದು ಹೋಗುತ್ತದೆ. ಬಫರ್ ಜೆಲ್ಲಿನ ಮೇಲೆ ಎರಡು ಬೆರಳು ನಿಂತಿದ್ದರೂ ಹೀಗೇ, ಕರೆಂಟ್ ಸುಲಭದ ದಾರಿ ಹಿಡಿಯುತ್ತದೆ. ಜೆಲ್ ಮುಳುಗಿ ಮೇಲೆ 3ರಿಂದ 5 ಮಿಲಿಮೀಟರ್ ಸಾಕು.

ಇನ್ನೊಂದು ಕಾರಣ, ಅಗರೋಸನ್ನು ಬಫರಿನ ಬದಲು ನೀರಿನಲ್ಲಿ ಕುದಿಸಿರುವುದು. ಜೆಲ್ ನೋಡಲು ಒಂದೇ ಥರ ಇರುತ್ತದೆ, ಕಣ್ಣಿಗೆ ಪತ್ತೆಯಾಗುವುದಿಲ್ಲ. ಉಳಿದ ಜೆಲ್ ಎಸೆದು ಹೊಸದು ಹಾಕುವುದೇ ಲೇಸು.

ಡೈ ಓಡಿತು, ಬ್ಯಾಂಡ್ ಇಲ್ಲ

ಇಲ್ಲಿ ಒಂದೇ ಪ್ರಶ್ನೆ ಕೇಳಿಕೊಳ್ಳಿ. ಲ್ಯಾಡರ್ ಕಾಣುತ್ತಿದೆಯೋ ಇಲ್ಲವೋ?

ಲ್ಯಾಡರೂ ಕಾಣದಿದ್ದರೆ ಡಿಎನ್‌ಎ ನಿರಪರಾಧಿ. ಡಿಎನ್‌ಎಗೆ ಅಂಟಿ ಯುವಿ ಬೆಳಕಿನಲ್ಲಿ ಹೊಳೆಯುವ ಇಥಿಡಿಯಂ ಬ್ರೋಮೈಡ್ ಹಾಕುವುದು ಮರೆತಿರಬಹುದು, ಹಳೆಯದಾಗಿರಬಹುದು, ಅಥವಾ ಯುವಿ ದೀಪ ಹೋಗಿರಬಹುದು. ಜೆಲ್ ಎಸೆಯಬೇಡಿ. ಪ್ರತಿ ಮಿಲಿಲೀಟರಿಗೆ 0.5 ಮೈಕ್ರೋಗ್ರಾಂ ಇಥಿಡಿಯಂ ಇರುವ ದ್ರಾವಣದಲ್ಲಿ ಅರ್ಧ ಗಂಟೆ ನೆನೆಹಾಕಿ ಮತ್ತೆ ನೋಡಿ. ಕೈಗೆ ನೈಟ್ರೈಲ್ ಗ್ಲೌಸ್, ಕಣ್ಣಿಗೆ ಯುವಿ ತಡೆಯುವ ಕನ್ನಡಕ. ಡಿಎನ್‌ಎಯ ಮೆಟ್ಟಿಲುಗಳ ನಡುವೆ ನುಸುಳಿ ಕೂರುವ ವಸ್ತು ಅದು, ನಮ್ಮ ಡಿಎನ್‌ಎ ನಿಮ್ಮ ಡಿಎನ್‌ಎ ಎಂಬ ಭೇದ ಅದಕ್ಕಿಲ್ಲ.

ಮೇಲಿನ ಬ್ಯಾಂಡು ಸ್ಪಷ್ಟ, ಕೆಳಗಿನ ಸಣ್ಣ ಬ್ಯಾಂಡು ಮಸುಕು ಎಂಬ ದೂರೂ ಇಥಿಡಿಯಂದೇ. ಅದರ ಆವೇಶ ಧನ, ಹಾಗಾಗಿ ಅದು ಡಿಎನ್‌ಎಗೆ ಎದುರು ದಿಕ್ಕಿನಲ್ಲಿ ಕಪ್ಪು ಕಡೆಗೆ ಓಡುತ್ತದೆ. ಬಹಳ ಹೊತ್ತು ಓಡಿಸಿದ ಜೆಲ್ಲಿನ ಕೆಳಭಾಗದಲ್ಲಿ ಬಣ್ಣವೇ ಉಳಿದಿರುವುದಿಲ್ಲ. ಇದಕ್ಕೂ ನೆನೆಹಾಕುವುದೇ ಮದ್ದು.

ಲ್ಯಾಡರ್ ಇದೆ, ಸ್ಯಾಂಪಲ್ ಇಲ್ಲ ಎಂದರೆ ಮಾತ್ರ ಸ್ಯಾಂಪಲ್ಲಿನ ಕಡೆ ತಿರುಗಿ. ಆಗಲೂ ಮೊದಲು ಗುಂಡಿ ನೋಡಿ. ಗುಂಡಿ ಮೂಡಿಸುವ ಬಾಚಣಿಗೆಯ ಹಲ್ಲು ಟ್ರೇಯ ತಳಕ್ಕೆ ತಾಗಿ ನಿಂತಿದ್ದರೆ ಗುಂಡಿಗೆ ತಳವೇ ಇರುವುದಿಲ್ಲ, ಸ್ಯಾಂಪಲ್ ಜೆಲ್ಲಿನ ಅಡಿಯಲ್ಲಿ ಸೋರಿ ಹೋಗುತ್ತದೆ. ಹಲ್ಲಿನ ಕೆಳಗೆ ಒಂದು ಮಿಲಿಮೀಟರ್ ಬಿಡಬೇಕು. ಹಾಕಿದ ಸ್ಯಾಂಪಲ್ ಹೊಗೆಯ ಹಾಗೆ ಮೇಲಕ್ಕೆ ತೇಲಿದರೆ ಅದರಲ್ಲಿ ಎಥನಾಲ್ ಉಳಿದಿದೆ. ಕೊಳವೆಯ ತಳದಲ್ಲಿ ಕೂತ ಡಿಎನ್‌ಎ ಮುದ್ದೆಯನ್ನು (ಪೆಲ್ಲೆಟ್) ಒಣಗಿಸಲು ಅವಸರ ಮಾಡಿದ್ದೀರಿ. ಲೋಡಿಂಗ್ ಡೈಯಲ್ಲಿ ಗ್ಲಿಸರಾಲ್ ಇರುವುದೇ ಸ್ಯಾಂಪಲ್ ಭಾರವಾಗಿ ಗುಂಡಿಯಲ್ಲಿ ಕೂರಲಿ ಎಂದು, ಎಥನಾಲ್ ಅದನ್ನು ಸೋಲಿಸುತ್ತದೆ.

ಮಕ್ಕಳಿಗೆ ಮತ್ತೆ ಮತ್ತೆ ಹೇಳಬೇಕಾದ ಮಾತು: ನೀಲಿ ಗೆರೆ ಡಿಎನ್‌ಎ ಅಲ್ಲ. ಅದು ಬ್ರೋಮೋಫಿನಾಲ್ ಬ್ಲೂ, 1 ಶೇಕಡಾ ಜೆಲ್ಲಿನಲ್ಲಿ ಕೆಲವು ನೂರು ಬೇಸ್ ಪೇರ್ ಉದ್ದದ ಡಿಎನ್‌ಎ ಜೊತೆಗೆ ಓಡುವ ಬಣ್ಣ ಅಷ್ಟೆ. ಡೈ ಓಡಿತು ಎಂದರೆ ಕರೆಂಟ್ ಇದೆ ಎಂದಷ್ಟೇ ಅರ್ಥ.

ನೀಲಿ ಹಳದಿಯಾದರೆ

ಇದು ನನಗೆ ಬಹಳ ಇಷ್ಟವಾದ ರೋಗಲಕ್ಷಣ, ಟ್ಯಾಂಕ್ ತಾನೇ ಬಾಯಿಬಿಟ್ಟು ಹೇಳುವ ಹಾಗಿದೆ. ಓಟದ ಕೊನೆಯಲ್ಲಿ, ಕೆಂಪು ತುದಿ ಸಮೀಪಿಸಿದಾಗ, ನೀಲಿ ಡೈ ಹಳದಿಗೆ ತಿರುಗುತ್ತದೆ. ಕೆಂಪು ತಂತಿಯಲ್ಲಿ ಆಮ್ಲಜನಕ ಹೊರಟಾಗ ನೀರಿನಲ್ಲಿ ಹಿಂದೆ ಉಳಿಯುವುದು ಆಮ್ಲ. ಕಪ್ಪು ತಂತಿಯಲ್ಲಿ ಹೈಡ್ರೋಜನ್ ಹೊರಟಾಗ ಉಳಿಯುವುದು ಕ್ಷಾರ. ಎರಡನ್ನೂ ನುಂಗಿಕೊಂಡು ಪಿಎಚ್ 8ರ ಆಸುಪಾಸು ಕಾಯುವುದು ಬಫರಿನ ಕೆಲಸ. ಟಿಎಇಗೆ ಆ ಶಕ್ತಿ ಟಿಬಿಇಗಿಂತ ಕಡಿಮೆ. ಬ್ರೋಮೋಫಿನಾಲ್ ಬ್ಲೂ ಪಿಎಚ್ 3ರ ಹತ್ತಿರ ಹಳದಿಯಾಗುತ್ತದೆ, 4.6ರ ಮೇಲೆ ನೀಲಿ. ಅಂದರೆ ಹಳದಿ ಕಂಡಾಗ ಆ ತುದಿಯ ನೀರು ನಿಂಬೆ ಶರಬತ್ತಿನ ಹುಳಿಗೆ ಹತ್ತಿರ ಬಂದಿದೆ ಎಂದು ಲೆಕ್ಕ.

ಒಂದೇ ಬಫರನ್ನು ವಾರಪೂರ್ತಿ ಬಳಸುವ ಲ್ಯಾಬುಗಳಲ್ಲಿ ಇದು ಗ್ಯಾರಂಟಿ. ಎರಡು ಮೂರು ಓಟ ಸರಿ. ಪ್ರತಿ ಓಟದ ನಂತರ ಎರಡೂ ಕಡೆಯ ನೀರನ್ನು ಒಂದೇ ಬೀಕರಿಗೆ ಸುರಿದು ಕಲಕಿದರೆ ಆಮ್ಲ-ಕ್ಷಾರ ಪರಸ್ಪರ ತೀರಿಸಿಕೊಳ್ಳುತ್ತವೆ. ಆಮೇಲೆ ಹೊಸದು ಮಾಡಿ.

ನಗುವ ಬ್ಯಾಂಡು

ಮಧ್ಯದ ಸಾಲುಗಳು ಮುಂದೆ, ಅಂಚಿನವು ಹಿಂದೆ, ಇಡೀ ಸಾಲು ನಗುಮುಖದ ಹಾಗೆ ಬಾಗಿದ್ದರೆ ಕಾರಣ ಬಿಸಿ. ಮಧ್ಯಭಾಗ ಅಂಚಿಗಿಂತ ಹೆಚ್ಚು ಕಾಯುತ್ತದೆ, ಕಾದಲ್ಲಿ ಡಿಎನ್‌ಎ ಬೇಗ ಓಡುತ್ತದೆ. ವೋಲ್ಟ್ ಇಳಿಸಿ. ನಮ್ಮಲ್ಲಿ ಏಪ್ರಿಲ್ ತಿಂಗಳಲ್ಲಿ 100 ವೋಲ್ಟಿಗೆ ನಗುವ ಜೆಲ್ ಡಿಸೆಂಬರಿನಲ್ಲಿ ಅದೇ ವೋಲ್ಟಿಗೆ ಗಂಭೀರವಾಗಿ ಇರುತ್ತದೆ. ಬಫರನ್ನು ಫ್ರಿಜ್ಜಿನಲ್ಲಿಟ್ಟು ತಂಪು ಮಾಡಿ ಹಾಕಿದರೂ ಆದೀತು.

ಈ ಬಿಸಿಯ ಕಾಟ ಇವತ್ತಿನದಲ್ಲ. ಸ್ವೀಡನ್ನಿನ ಆರ್ನೆ ಟಿಸೇಲಿಯಸ್ 1937ರಲ್ಲಿ ಯು ಆಕಾರದ ಗಾಜಿನ ಕೊಳವೆಯಲ್ಲಿ ರಕ್ತದ ಸೀರಮ್‌ಗೆ ಕರೆಂಟ್ ಹಾಯಿಸಿ ಅದರ ಪ್ರೋಟೀನುಗಳನ್ನು ಬೇರೆ ಮಾಡಿದಾಗ ಜೆಲ್ ಇರಲಿಲ್ಲ, ಬರೀ ದ್ರವ. ಕಾದ ದ್ರವ ಮೇಲೆ ಕೆಳಗೆ ಸುಳಿದರೆ ಬೇರೆಯಾದದ್ದು ಮತ್ತೆ ಕಲಸಿಹೋಗುತ್ತದೆ. ಅದಕ್ಕೆ ಅವರು ಕೊಳವೆಯನ್ನು 4 ಡಿಗ್ರಿಯ ಹತ್ತಿರ ಇಡುತ್ತಿದ್ದರು, ಆ ತಾಪದಲ್ಲಿ ನೀರಿನ ಸಾಂದ್ರತೆ ತೀರಾ ಕಡಿಮೆ ಬದಲಾಗುತ್ತದೆ. 1948ರಲ್ಲಿ ಅವರಿಗೆ ನೊಬೆಲ್ ಬಂತು. 1955ರಲ್ಲಿ ಆಲಿವರ್ ಸ್ಮಿಥೀಸ್ ಪಿಷ್ಟದ ಜೆಲ್ ತಂದರು. ಚಿಕ್ಕಂದಿನಲ್ಲಿ ಅಮ್ಮ ಅಪ್ಪನ ಷರ್ಟಿಗೆ ಹಾಕುತ್ತಿದ್ದ ಗಂಜಿ ಆರಿದ ಮೇಲೆ ಜೆಲ್ಲಿಯಾಗುತ್ತಿದ್ದುದು ಅವರಿಗೆ ನೆನಪಾಗಿತ್ತಂತೆ. ಗಟ್ಟಿಯಾದ ಜೆಲ್ಲಿನೊಳಗೆ ನೀರು ಸುಳಿಯಲಾರದು, ಜೊತೆಗೆ ಅದು ಜರಡಿಯಾಗಿಯೂ ಕೆಲಸ ಮಾಡುತ್ತದೆ.

ಸ್ಮಿಯರ್, ಮತ್ತು ಬೋರ್‌ವೆಲ್

ಬ್ಯಾಂಡಿನ ಬದಲು ಉದ್ದಕ್ಕೆ ಬಳಿದ ಹಾಗೆ ಬಂದರೆ ಈಗ ಡಿಎನ್‌ಎಯನ್ನು ಬೈಯಬಹುದು. ಕಾರಣ ಹಲವು. ಹೆಚ್ಚು ಹಾಕಿದ್ದರೂ ಬಾಲ ಬರುತ್ತದೆ. ಹತ್ತರಲ್ಲಿ ಒಂದು ಪಾಲು ಮಾಡಿ ಪಕ್ಕದ ಗುಂಡಿಯಲ್ಲಿ ಓಡಿಸಿದರೆ ತಿಳಿಯುತ್ತದೆ. ಕೆಳಗೆ ಮಾತ್ರ ಮೋಡದಂತೆ ಕಂಡರೆ ಅದು ಆರ್‌ಎನ್‌ಎ, ಅದನ್ನು ಒಡೆಯುವ ಕಿಣ್ವ ಆರ್‌ಎನ್‌ಏಸ್ ಹಾಕಿ. ಮೇಲೆ ಗುಂಡಿಯಲ್ಲೇ ಹೊಳೆಯುತ್ತಾ ಕೂತಿದ್ದರೆ ಪ್ರೋಟೀನ್ ಅಥವಾ ಲೋಳೆ ಹೋಗಿಲ್ಲ. ಮಾವು, ಬಾಳೆ ಎಲೆಗಳಲ್ಲಿ ಇದು ದಿನದ ಪಾಡು. ಎಳೆ ಎಲೆ ಆರಿಸಿಕೊಂಡರೆ ಅರ್ಧ ತೊಂದರೆ ತಪ್ಪುತ್ತದೆ.

ಒಂದೊಂದು ಸಲ ಡಿಎನ್‌ಎ ಚೆನ್ನಾಗಿಯೇ ಇದ್ದು ಇಟ್ಟಲ್ಲೇ ತುಂಡಾಗುತ್ತದೆ. ನಮ್ಮಲ್ಲಿ ಒಂದು ಬೇಸಿಗೆ ಹೀಗಾಯಿತು. ಡಿಸ್ಟಿಲೇಷನ್ ಘಟಕ ಕೆಟ್ಟಿತ್ತು, ಯಾರೋ ಕ್ಯಾನಿಗೆ ಬೋರ್‌ವೆಲ್ ನೀರು ತುಂಬಿಟ್ಟಿದ್ದರು, ಅದೇ ನೀರಿನಲ್ಲಿ ಡಿಎನ್‌ಎ ಕರಗಿಸಿದ್ದೆವು. ಡಿಎನ್‌ಎ ಕತ್ತರಿಸುವ ಕಿಣ್ವಗಳಿಗೆ ಕೆಲಸ ಮಾಡಲು ಮೆಗ್ನೀಷಿಯಂ ಬೇಕು. ಬಫರಿಗೆ ಇಡಿಟಿಎ ಹಾಕುವುದೇ ಆ ಮೆಗ್ನೀಷಿಯಂ ಹಿಡಿದಿಡಲಿ ಎಂದು. ಗಡಸು ನೀರು ಅದನ್ನು ಕೊಡದಲ್ಲಿ ಹೊತ್ತು ತಂದು ಸುರಿದ ಹಾಗೆ. ಕ್ಯಾನ್ ನೋಡಿದರೆ ಗೊತ್ತಾಗುವುದಿಲ್ಲ, ಒಂದು ಹನಿಯನ್ನು ಸ್ಲೈಡಿನ ಮೇಲೆ ಒಣಗಿಸಿ ನೋಡಿ. ಬಿಳಿ ಉಂಗುರ ಉಳಿದರೆ ಆ ನೀರು ಲ್ಯಾಬಿನದಲ್ಲ.

ಚೈನಾ ಗ್ರಾಸ್ ಪ್ರಸಂಗ

ಅಗರೋಸ್ ಮುಗಿದಾಗ ದಿನಸಿ ಅಂಗಡಿಯ ಚೈನಾ ಗ್ರಾಸ್ ಕುದಿಸಿ ಜೆಲ್ ಮಾಡಿದ ವಿದ್ಯಾರ್ಥಿನಿಯೊಬ್ಬಳು ಕೇಳಿದಳು, ‘ಮೇಡಂ, ಡಬಲ್ ಟೈಮ್ ಆಯ್ತು, ಬ್ಯಾಂಡ್ ಯಾಕೆ ಅಲ್ಲೇ ಇದೆ?’ ಒಳ್ಳೆಯ ಪ್ರಶ್ನೆ. ಎರಡೂ ಕೆಂಪು ಕಡಲಕಳೆಯಿಂದಲೇ ಬಂದವು. ಆದರೆ ಚೈನಾ ಗ್ರಾಸ್ ಎಂದರೆ ಶುದ್ಧ ಮಾಡದ ಅಗರ್, ಅದರಲ್ಲಿ ಸಲ್ಫೇಟ್‌ನಂಥ ಋಣ ಆವೇಶದ ಗುಂಪುಗಳು ಜೆಲ್ಲಿಗೇ ಅಂಟಿಕೊಂಡಿರುತ್ತವೆ. ಅವು ಕದಲಲಾರವು. ಅವುಗಳ ಜೊತೆಗಾರರಾದ ಧನ ಅಯಾನುಗಳು ಕಪ್ಪು ಕಡೆಗೆ ಹೊರಟು ನೀರನ್ನೂ ಎಳೆದುಕೊಂಡು ಹೋಗುತ್ತವೆ. ಡಿಎನ್‌ಎ ಪ್ರವಾಹದ ವಿರುದ್ಧ ಈಜಬೇಕು.

ಮಾಸ್ಕೋದಲ್ಲಿ ರಾಯ್ಸ್ ಎಂಬಾತ 1807ರಲ್ಲೇ ಒದ್ದೆ ಜೇಡಿಮಣ್ಣಿಗೆ ವೋಲ್ಟಾ ಪೈಲ್ ಜೋಡಿಸಿ ಇದನ್ನು ಕಂಡಿದ್ದ. ಮಣ್ಣಿನ ಕಣ ಒಂದು ಕಡೆಗೆ, ನೀರು ಇನ್ನೊಂದು ಕಡೆಗೆ. ಅಗರೋಸ್ ಡಬ್ಬಿಯ ಮೇಲೆ ‘ಲೋ ಇಇಒ’ ಎಂದು ಬರೆದಿರುವುದು ಇದಕ್ಕೇ, ನೀರಿನ ಆ ಎದುರು ಹರಿವು ಕಡಿಮೆ ಎಂದು. ಚೈನಾ ಗ್ರಾಸ್‌ನಲ್ಲಿ ಫುಡ್ ಕಲರ್ ಓಡಿಸಿ ಹೈಸ್ಕೂಲ್ ಮಕ್ಕಳಿಗೆ ತೋರಿಸಬಹುದು, ಚೆನ್ನಾಗಿರುತ್ತದೆ. ಪರೀಕ್ಷೆಯ ಜೆಲ್ಲಿಗೆ ಬೇಡ.

ಮಧ್ಯೆ ಕರೆಂಟ್ ಹೋದರೆ

ಹತ್ತು ಹದಿನೈದು ನಿಮಿಷವಾದರೆ ಗಾಬರಿ ಬೇಡ. ಡಿಎನ್‌ಎ ನಿಂತಲ್ಲೇ ಮೆಲ್ಲಗೆ ಹರಡುತ್ತದೆ, ಸಣ್ಣ ತುಣುಕುಗಳು ಮೊದಲು ಮಸುಕಾಗುತ್ತವೆ, ದೊಡ್ಡವು ತಡೆದುಕೊಳ್ಳುತ್ತವೆ. ತೊಂದರೆ ಇರುವುದು ಕರೆಂಟ್ ಮರಳಿದ ಮೇಲೆ. ಎಷ್ಟೋ ಪವರ್ ಪ್ಯಾಕುಗಳು ಸುರಕ್ಷತೆಗಾಗಿ ತಾವಾಗಿ ಮತ್ತೆ ಶುರುವಾಗುವುದಿಲ್ಲ. ಫ್ಯಾನ್ ತಿರುಗುತ್ತಿರುತ್ತದೆ, ಡಿಸ್‌ಪ್ಲೇ ಉರಿಯುತ್ತಿರುತ್ತದೆ, ಎಲ್ಲರೂ ಜೆಲ್ ಓಡುತ್ತಿದೆ ಎಂದುಕೊಂಡಿರುತ್ತಾರೆ. ಒಂದು ಗಂಟೆ ಬಿಟ್ಟು ನೋಡಿದರೆ ಡೈ ನೀವು ಬಿಟ್ಟಲ್ಲೇ, ಈಗ ಅಗಲವಾಗಿ.

ಹಾಗಾಗಿ ಕರೆಂಟ್ ಬಂದ ತಕ್ಷಣ ಟ್ಯಾಂಕಿನ ಹತ್ತಿರ ಹೋಗಿ ಕಪ್ಪು ಕಡೆ ನೊರೆ ಏಳುತ್ತಿದೆಯೇ ನೋಡಿ. ಇಲ್ಲದಿದ್ದರೆ ಮತ್ತೆ ಸ್ಟಾರ್ಟ್ ಒತ್ತಿ, ನಿಂತಿದ್ದ ನಿಮಿಷಗಳನ್ನು ಲೆಕ್ಕಕ್ಕೆ ಸೇರಿಸಿ, ಮುಚ್ಚಳಕ್ಕೆ ಅಂಟಿಸಿದ ಟೇಪಿನ ಮೇಲೆ ಹೊಸ ಸಮಯ ಬರೆಯಿರಿ.